ಪದಚರ್ಚೆ: ರೋಬೋಟ್ ಬರೆದದ್ದೋ, ರೋಬೋಟಲ್ಲಿ ಬರೆದದ್ದೋ, ರೋಬೋಟ್ ಕೈಲಿ ಬರೆಸಿದ್ದೋ?

ಗೆಳೆಯರಿಗೆ ನಮಸ್ಕಾರ.

ಚಿತ್ರದ ಕೆಳಗೆ ಹಾಕುವ ಒಂದು ಸಾಲಿನ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಹಾಸನದಲ್ಲಿ ನಾವು ಕೆಲವರು ಸೇರಿ ಚಿತ್ರ ಬಿಡಿಸುವ ರೋಬೋಟನ್ನು ಮನೆಯಲ್ಲೇ ಮಾಡಿಕೊಂಡಿದ್ದೇವೆ. ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಯ ಕಾಗದದಲ್ಲಿ ತೆಗೆದು ನೆಂಟರಿಗೆ, ಅಕ್ಕಪಕ್ಕದ ಮಕ್ಕಳಿಗೆ ಕೊಡುತ್ತೇವೆ. ವಾಟ್ಸಾಪಲ್ಲೂ ಹಂಚುತ್ತೇವೆ. ಕೆಳಗೆ ಹೆಸರು ಹಾಕಬೇಕಲ್ಲ, ಅಲ್ಲಿ ಮಾತು ಶುರುವಾಗುತ್ತದೆ. ಒಬ್ಬರು ‘ರೋಬೋಟ್ ಬರೆದದ್ದು’ ಅನ್ನುತ್ತಾರೆ. ಇನ್ನೊಬ್ಬರು ‘ರೋಬೋಟಲ್ಲಿ ಬರೆದದ್ದು’ ಅನ್ನುತ್ತಾರೆ. ಮತ್ತೊಬ್ಬರಿಗೆ ‘ರೋಬೋಟ್ ಕೈಲಿ ಬರೆಸಿದ್ದು’ ಸರಿ. ಮೂರೂ ಒಳ್ಳೆಯ ಕನ್ನಡವೇ. ಆದರೆ ಮೂರರ ಅರ್ಥ ಒಂದೇ ಅಲ್ಲ, ಅಲ್ವಾ?

ಯಂತ್ರ ಏನು ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ಸ್ಟೆಪ್ಪರ್ ಮೋಟರ್ ಇವೆ. ಒಂದು ಪೆನ್ನನ್ನು ಎಡಕ್ಕೆ ಬಲಕ್ಕೆ ಒಯ್ಯುತ್ತದೆ, ಇನ್ನೊಂದು ಹಿಂದಕ್ಕೆ ಮುಂದಕ್ಕೆ. ಪುಟ್ಟ ಸರ್ವೋ ಮೋಟರ್ ಒಂದು ಪೆನ್ನನ್ನು ಎತ್ತುತ್ತದೆ, ಇಳಿಸುತ್ತದೆ. ಇವನ್ನೆಲ್ಲ ನಡೆಸಲು ಒಂದು ಆರ್ಡುಯಿನೋ ಬೋರ್ಡ್, ಅಂದರೆ ಪುಟ್ಟ ಕಂಪ್ಯೂಟರಿನಂಥ ಸರ್ಕ್ಯೂಟ್. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು ಡ್ರೈವರ್ ಅನ್ನುವ ಸರ್ಕ್ಯೂಟ್ 16 ಪಾಲು ಮಾಡುತ್ತದೆ. ಒಂದು ಸುತ್ತಿಗೆ ಪೆನ್ನನ್ನು ಎಳೆಯುವ ಬೆಲ್ಟ್ 40 ಮಿ.ಮೀ. ಓಡುತ್ತದೆ. ಅಲ್ಲಿಗೆ ಒಂದು ಮಿ.ಮೀ. ಗೆರೆಗೆ 80 ಸಣ್ಣ ಹೆಜ್ಜೆ. ಚಿತ್ರವನ್ನು ನಾವು ಕಂಪ್ಯೂಟರಿನ ಚಿತ್ರದ ತಂತ್ರಾಂಶ ಇಂಕ್‌ಸ್ಕೇಪಲ್ಲಿ ಬರೆದು ಜಿ-ಕೋಡ್ ಮಾಡಿ ಕಳಿಸುತ್ತೇವೆ. ಪೆನ್ ಇಳಿಸು, ಇಲ್ಲಿಗೆ ಹೋಗು, ಪೆನ್ ಎತ್ತು. ಇಂಥ ಅಪ್ಪಣೆಗಳ ಉದ್ದ ಪಟ್ಟಿಯೇ ಜಿ-ಕೋಡ್. ತಾನು ಬರೆಯುತ್ತಿರುವುದು ಬಳ್ಳಿಯೋ ಆನೆಯೋ ಅನ್ನುವುದು ಯಂತ್ರಕ್ಕೆ ಗೊತ್ತಿಲ್ಲ.

‘ರೋಬೋಟ್ ಬರೆದದ್ದು’ ಅನ್ನುವವರು ಒಂದು ಒಳ್ಳೆಯ ಮಾತು ಮುಂದಿಡುತ್ತಾರೆ. ‘ಈ ಪೆನ್ ಚೆನ್ನಾಗಿ ಬರೆಯುತ್ತೆ’, ‘ಆ ಪೆನ್ ಬರೀತಿಲ್ಲ’ ಅಂತ ದಿನಾ ಹೇಳುತ್ತೇವೆ. ಪೆನ್ನು ಬರೆಯಬಹುದಾದರೆ ರೋಬೋಟ್ ಯಾಕೆ ಬರೆಯಬಾರದು? ಆದರೆ ‘ಪೆನ್ ಬರೆಯುತ್ತೆ’ ಅಂದಾಗ ನಾವು ಹೇಳುತ್ತಿರುವುದು ಪೆನ್ನಿನ ಸ್ಥಿತಿ. ಅದೇ ಪೆನ್ನಲ್ಲಿ ಕಾಗದ ಬರೆದ ಮೇಲೆ ‘ಇದು ಪೆನ್ ಬರೆದದ್ದು’ ಅಂತ ಯಾರೂ ಹೇಳುವುದಿಲ್ಲ. ಚಿತ್ರ ಕೈಗೆ ಬಂದ ಕೂಡಲೇ ಮಕ್ಕಳು ಕೇಳುವುದು ‘ಯಾರು ಬರೆದಿದ್ದು?’ ಅಂತ. ‘ಯಾವುದು ಬರೆದಿದ್ದು?’ ಅಂತ ಕೇಳುವುದಿಲ್ಲ. ಹಾಗಾಗಿ ಈ ಮೊದಲ ರೂಪ ನನಗೆ ಒಗ್ಗುವುದಿಲ್ಲ.

ಉಳಿದ ಎರಡರಲ್ಲಿ ಸ್ವಾರಸ್ಯ ಜಾಸ್ತಿ. ಸಲಕರಣೆಗೆ ನಾವು ‘ಅಲ್ಲಿ’ ಸೇರಿಸುತ್ತೇವೆ. ಪೆನ್ನಲ್ಲಿ ಬರೆದೆ, ಮಿಕ್ಸಿಯಲ್ಲಿ ರುಬ್ಬಿದೆ. ಮನುಷ್ಯರಾದರೆ ‘ಕೈಲಿ’ ಬರುತ್ತದೆ. ಮಗಳ ಕೈಲಿ ಕಾಗದ ಬರೆಸಿದೆ, ಪೇಂಟರ್ ಕೈಲಿ ಬೋರ್ಡ್ ಬರೆಸಿದೆ. ಈಗ ನಮ್ಮ ಕಡೆಯ ಹೊಲದ ಮಾತು ನೋಡಿ. ‘ಎತ್ತಲ್ಲಿ ಉತ್ತೆವು’ ಅನ್ನುತ್ತಾರೆ. ಎತ್ತಿಗೆ ಜೀವವಿದೆ, ದಾರಿ ಗೊತ್ತು, ಮನಸ್ಸಿಲ್ಲದಿದ್ದರೆ ನಿಂತುಬಿಡುತ್ತದೆ. ಆದರೂ ‘ಎತ್ತಿನ ಕೈಲಿ ಉಳುಮೆ ಮಾಡಿಸಿದೆ’ ಅಂತ ನಾನು ಯಾರ ಬಾಯಲ್ಲೂ ಕೇಳಿಲ್ಲ. ಎತ್ತಿಗೆ ಕೊಡದ ‘ಕೈಲಿ’ಯನ್ನು ಮೂರು ಮೋಟರ್ ಇರುವ ಯಂತ್ರಕ್ಕೆ ಕೊಡುವುದು ಹೇಗೆ?

ಹೆಸರೂ ಇಲ್ಲಿ ಕೆಲಸ ಮಾಡುತ್ತದೆ ಅಂತ ನನ್ನ ಊಹೆ. ಇದೇ ಯಂತ್ರವನ್ನು ಪ್ಲಾಟರ್ (ಪೆನ್ನಿನಿಂದ ಗೆರೆ ಎಳೆಯುವ ಯಂತ್ರ) ಅಂತ ಕರೆದರೆ ಎಲ್ಲರೂ ‘ಪ್ಲಾಟರಲ್ಲಿ’ ಅನ್ನುತ್ತಾರೆ. ರೋಬೋಟ್ ಅಂದ ತಕ್ಷಣ ‘ಕೈಲಿ’ ನಾಲಿಗೆಗೆ ಬರುತ್ತದೆ. ಆ ಪದ ಹುಟ್ಟಿದ್ದೇ ಆಳಿನ ಹೆಸರಾಗಿ. ಚೆಕ್ ಬರಹಗಾರ ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಅದನ್ನು ಬಳಸಿದ. ಅದರ ಮೂಲವಾದ ಚೆಕ್ ಪದ ‘ರೊಬೋಟಾ’ ಅಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ದುಡಿಮೆ.

ಹಾಗಾದರೆ ಎಲ್ಲದಕ್ಕೂ ‘ರೋಬೋಟಲ್ಲಿ ಬರೆದದ್ದು’ ಸಾಕಾ? ನಾನೇ ಗೆರೆ ಹಾಕಿದ ಚಿತ್ರವನ್ನು ಅದು ಹಾಗೇ ಎಳೆದರೆ ಸಾಕು. ಆದರೆ ಇನ್ನೊಂದು ಬಗೆ ಇದೆ. ನಾವು ಬರೀ ನಿಯಮ ಬರೆಯುತ್ತೇವೆ. ಬಳ್ಳಿ ಎಲ್ಲಿ ಕವಲೊಡೆಯಬೇಕು, ಎಷ್ಟು ಬಾಗಬೇಕು ಅನ್ನುವುದನ್ನು ಪ್ರೋಗ್ರಾಂ ಆ ಹೊತ್ತಿಗೆ ಸಿಕ್ಕ ಸಂಖ್ಯೆಗಳಿಂದ ಆರಿಸಿಕೊಳ್ಳುತ್ತದೆ. ಪೆನ್ ನಿಲ್ಲುವವರೆಗೂ ಚಿತ್ರ ಹೇಗಿರುತ್ತದೆ ಅಂತ ನಮಗೂ ಗೊತ್ತಿರುವುದಿಲ್ಲ. ಇದು ಹೊಸದಲ್ಲ. ಹೆರಾಲ್ಡ್ ಕೋಹೆನ್ ಎಂಬ ಇಂಗ್ಲೆಂಡಿನ ಚಿತ್ರಕಾರ 1970ರ ದಶಕದಲ್ಲೇ ‘ಆರನ್’ ಅನ್ನುವ ಪ್ರೋಗ್ರಾಂ ಬರೆದು, ನೆಲದ ಮೇಲೆ ಹರಡಿದ ಕಾಗದದ ಮೇಲೆ ಓಡಾಡುವ ಪುಟ್ಟ ಯಂತ್ರದಿಂದ ಚಿತ್ರ ತೆಗೆಸುತ್ತಿದ್ದ. ಇಂಥ ಚಿತ್ರಕ್ಕೆ ‘ನಾನು ರೋಬೋಟಲ್ಲಿ ಬರೆದೆ’ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ನಾನು ಬರೆದಿಲ್ಲವಲ್ಲ.

ಇದಕ್ಕೆ ನನಗೆ ನಾಲ್ಕನೆಯ ರೂಪವೊಂದು ಹೊಳೆದಿದೆ: ‘ರೋಬೋಟಲ್ಲಿ ಬರೆಸಿದ್ದು’. ನಮ್ಮ ಜನ ‘ಟ್ರ್ಯಾಕ್ಟರಲ್ಲಿ ಉಳುಮೆ ಮಾಡಿಸಿದೆ’ ಅನ್ನುತ್ತಾರೆ. ಟ್ರ್ಯಾಕ್ಟರಿಗೆ ‘ಅಲ್ಲಿ’ಯೇ ಉಳಿಯಿತು, ಅದಕ್ಕೆ ಕೈ ಬರಲಿಲ್ಲ. ಆದರೆ ಕ್ರಿಯಾಪದ ‘ಮಾಡಿಸಿದೆ’ ಆಯಿತು. ಉತ್ತವನು ನಾನಲ್ಲ ಅನ್ನುವುದೂ ಬಂತು, ಆಗಲಿ ಅಂದವನು ನಾನು ಅನ್ನುವುದೂ ಬಂತು.

‘ಮಾಡಿಸು’, ‘ಬರೆಸು’ಗಳ ಕೊನೆಗೆ ಬರುವ ಈ ‘ಇಸು’ವಿಗೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಪಕ್ಕದಲ್ಲಿ ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಅಂತ ಕೆತ್ತಿದ್ದಾರೆ. ಅಲ್ಲೇ ಮರಾಠಿಯಲ್ಲಿ ‘ಕರವಿಯಲೇಂ’ ಅಂತಲೂ ಇದೆ, ಅದರ ಅರ್ಥವೂ ಮಾಡಿಸಿದ ಅಂತಲೇ. 58 ಅಡಿಯ ಮೂರ್ತಿಯನ್ನು ಕಡೆದವರ ಹೆಸರು ಆ ಸಾಲಿನಲ್ಲಿಲ್ಲ. ಬೇಲೂರಿಗೆ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನೇ ಹಾಕಿದ್ದಾರೆ. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ ಸಿಗುತ್ತಾರೆ. ಶಾಸನಗಳಲ್ಲಂತೂ ಬರೆದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ. ಕಲ್ಲಿನಲ್ಲಿ ಕೊರೆಯುವ ಕೆಲಸಕ್ಕೇ ‘ಕಂಡರಿಸು’ ಅನ್ನುವ ಪದವಿತ್ತು. ಯಾರ ಪಾಲು ಯಾವುದು ಅಂತ ಇಷ್ಟು ಚೊಕ್ಕವಾಗಿ ಹೇಳುವ ರೂಢಿ ಕನ್ನಡಕ್ಕೆ ಇರುವಾಗ, ನಮ್ಮ ಕಾರ್ಡಿನ ಕೆಳಗೆ ‘ರೋಬೋಟ್ ಆರ್ಟ್’ ಅಂತ ಎರಡು ಪದ ಹಾಕಿ ಮುಗಿಸುವುದು ನನಗೆ ಬೇಡ. ನಿಯಮ ಬರೆದವರು ಯಾರು, ಯಂತ್ರ ಮಾಡಿದವರು ಯಾರು ಅನ್ನುವುದೂ ಅಲ್ಲಿ ಬರಬೇಕು. ಬೆಲ್ಟ್ ಬಿಗಿ ಮಾಡಿದ ಹುಡುಗಿಯ ಹೆಸರೂ ಬರಬೇಕು.

‘ಬರೆಸಿದ್ದು’ ಅಂದರೆ ಕಾಸು ಕೊಟ್ಟು ಮಾಡಿಸಿದ ಹಾಗೆ ಕೇಳಿಸುತ್ತದೆ ಅಂತ ಗುಂಪಿನಲ್ಲಿ ಒಬ್ಬರ ಆಕ್ಷೇಪವಿದೆ. ಅದು ನಿಜ. ಅದಕ್ಕೇ ಅವರು ‘ಬಿಡಿಸು’ ಬಳಸೋಣ ಅಂದರು. ಆದರೆ ‘ಬಿಡಿಸು’ವಿನಲ್ಲಿ ಆಗಲೇ ಒಂದು ‘ಇಸು’ ಇದೆ. ‘ಬಿಡಿಸಿಸಿದ್ದು’ ಅನ್ನೋಕಾಗಲ್ಲ. ಇಲ್ಲಿ ‘ಬರೆ’ಯೇ ಗಟ್ಟಿ. ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಪದವಾಗಿ ಉಳಿದಿರುವುದು ಅದರ ಇನ್ನೊಂದು ಅನುಕೂಲ. ಮಲಯಾಳದಲ್ಲಿ ಇದರದೇ ನಂಟಿನ ‘ವರ’ ಗೆರೆಗೆ, ಚಿತ್ರಕ್ಕೆ ನಿಂತಿತು, ಅಕ್ಷರಕ್ಕೆ ಬೇರೆ ಪದ ಬಂತು.

ಜೊತೆಗೆ ಇನ್ನೊಂದು ಸಣ್ಣ ವಿಷಯ. ಈ ಯಂತ್ರ ಬಣ್ಣ ತುಂಬುವುದಿಲ್ಲ. ನೆರಳು ಬೇಕಾದ ಕಡೆ ಒತ್ತೊತ್ತಾಗಿ ಗೆರೆ ಎಳೆಯುತ್ತದೆ, ಬೇಕಿದ್ದರೆ ಅದರ ಮೇಲೆ ಅಡ್ಡಲಾಗಿ ಇನ್ನೊಮ್ಮೆ. ನಾವು ಆಲೂಗಡ್ಡೆ ಹೊಲದ ಮಾತನ್ನೇ ತಂದು ‘ಸಾಲು ಹೊಡೆಯೋದು’, ‘ಅಡ್ಡ ಸಾಲು’ ಅನ್ನುತ್ತಿದ್ದೇವೆ. ಚಿತ್ರಶಾಲೆಗಳಲ್ಲಿ ಇದಕ್ಕೆ ಬೇರೆ ಕನ್ನಡ ಪದ ರೂಢಿಯಲ್ಲಿದ್ದರೆ ತಿಳಿಸಿ.

ನನ್ನ ಮುಖ್ಯ ಪ್ರಶ್ನೆ ಇಷ್ಟು. ಯಾವುದಾದರೂ ಯಂತ್ರಕ್ಕೆ, ಇಲ್ಲವೇ ಪ್ರಾಣಿಗೆ, ‘ಕೈಲಿ’ ಸೇರಿಸಿ ಹೇಳುವುದನ್ನು ನಿಮ್ಮ ಊರಲ್ಲಿ ಕೇಳಿದ್ದೀರಾ? ಚಿಕ್ಕಮಗಳೂರಿನ ತೋಟದವರು ಹಣ್ಣಿನ ಸಿಪ್ಪೆ ಸುಲಿಯುವ ಕಾಫಿ ಪಲ್ಪರ್ ಬಗ್ಗೆ ಹೇಗೆ ಹೇಳುತ್ತಾರೆ, ಉತ್ತರ ಕರ್ನಾಟಕದಲ್ಲಿ ‘ಕೈಲಿ’ಯ ಜಾಗದಲ್ಲಿ ಏನು ಬರುತ್ತದೆ? ಪೂರ್ತಿ ವಾಕ್ಯವನ್ನು, ಮನೆಯಲ್ಲಿ ಆಡುವ ಹಾಗೇ ಬರೆದು ಕಳಿಸಿ.