ಹಬ್ಬಕ್ಕೆ ಮನೆಯಲ್ಲೇ ಕ್ಯಾಂಡಿಡ್ ಫೋಟೋ ತೆಗೆಸುತ್ತಿದ್ದೇವೆ, ಏನು ತಯಾರಿ ಮಾಡಿಕೊಳ್ಳಬೇಕು?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಅಕ್ಕಂದಿರು, ಚಿಕ್ಕಪ್ಪನ ಮನೆಯವರು, ಮಕ್ಕಳೆಲ್ಲ ಸೇರಿ ಹದಿನಾಲ್ಕು ಮಂದಿ ಒಟ್ಟಾಗುತ್ತೇವೆ. ಸಾಲಾಗಿ ನಿಲ್ಲಿಸಿ ತೆಗೆಯುವ ಫೋಟೋ ಬೇಡ, ಎಲ್ಲರೂ ತಮ್ಮ ಪಾಡಿಗೆ ತಾವಿರುವಾಗ ತೆಗೆದುಕೊಡಿ ಎಂದು ಶಿವಮೊಗ್ಗದ ಫೋಟೋಗ್ರಾಫರ್ ಒಬ್ಬರಿಗೆ ಹೇಳಿದ್ದೇನೆ. ಆದರೆ ಮನೆಯೊಳಗೆ ಹಗಲಿನಲ್ಲೂ ಕತ್ತಲೆ. ಎಂಬತ್ತಾರು ವರ್ಷದ ಅಜ್ಜಿ ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಪಡಿಸಿಕೊಂಡು ಬಿಗಿಯಾಗಿ ಕುಳಿತುಬಿಡುತ್ತಾರೆ. ಅಮ್ಮ ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತರಿಸೋಣ ಎನ್ನುತ್ತಿದ್ದಾರೆ. ನಾವು ದಿನಾ ನೋಡುವ ಅಜ್ಜಿಯ ಮುಖ ಒಂದು ಚಿತ್ರದಲ್ಲಾದರೂ ಉಳಿಯಬೇಕೆಂಬುದು ನನ್ನ ಆಸೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಸಾಗರದ ಛಾಯಾಗ್ರಾಹಕ)

ಮೊದಲು ಬೆಳಕು ನೋಡಿಕೊಳ್ಳಿ. ಮಾಡಿನಲ್ಲಿ ಗಾಜಿನ ಹೆಂಚುಗಳಿದ್ದರೆ ಅವುಗಳ ಒಳಗಿನ ಹೊಗೆಮಸಿಯನ್ನೂ ಮಳೆಗಾಲದಲ್ಲಿ ಹೊರಗೆ ಹಿಡಿದ ಪಾಚಿಯನ್ನೂ ಒರೆಸಿಸಿ. ಅಷ್ಟರಿಂದಲೇ ನಡುಮನೆಯ ಬೆಳಕು ಎಷ್ಟು ಹೆಚ್ಚುತ್ತದೆಂದು ನಿಮಗೇ ಗೊತ್ತಾಗುತ್ತದೆ. ಹಿಂದಿನ ದಿನ ಜಗಲಿ, ನಡುಮನೆ, ಅಡುಗೆಮನೆಗಳ ಚಿತ್ರವನ್ನು ಗಂಟೆಗೊಮ್ಮೆ ಮೊಬೈಲಿನಲ್ಲಿ ತೆಗೆದು ಫೋಟೋಗ್ರಾಫರಿಗೆ ಕಳುಹಿಸಿದರೆ, ಯಾವ ಹೊತ್ತಿಗೆ ಎಲ್ಲಿರಬೇಕೆಂದು ಅವರೇ ನಿರ್ಧರಿಸುತ್ತಾರೆ. ಆ ಹೊತ್ತಿನಲ್ಲಿ ಬಲ್ಬು, ಟ್ಯೂಬ್‌ಲೈಟ್‌ಗಳನ್ನು ಆರಿಸಿಡಿ. ಕಿಟಕಿಯ ಬೆಳಕಿಗೂ ಬಲ್ಬಿನ ಹಳದಿಗೂ ಹೊಂದಿಕೆಯಾಗದೆ ಒಂದೇ ಮುಖದ ಮೇಲೆ ಎರಡು ಬಣ್ಣ ಕಾಣುತ್ತದೆ; ಅದಲ್ಲದೆ ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುವುದುಂಟು. ಓಡಾಡುವ ಮಕ್ಕಳನ್ನು ಮಸುಕಾಗದಂತೆ ಹಿಡಿಯಲು 1/250 ಸೆಕೆಂಡಿನ ಶಟರ್ ಬೇಕಾಗುತ್ತದೆ, ಅಷ್ಟು ಹೊತ್ತಿನಲ್ಲಿ ಕ್ಯಾಮೆರಾದೊಳಗೆ ಬರುವ ಬೆಳಕು ಕಡಿಮೆ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರವರೆಗೆ ಏರಿಸಿ ಚಿತ್ರ ಸ್ವಲ್ಪ ತರಿತರಿಯಾದರೂ ನಾನು ಒಪ್ಪುತ್ತೇನೆ, ಒಳಗೆ ಫ್ಲ್ಯಾಶ್ ಮಾತ್ರ ಬೇಡ.

ಫೋಟೋಗ್ರಾಫರಿಗೆ ಒಂದು ಗಂಟೆ ಮೊದಲೇ ಬರಲು ಹೇಳಿ. ಅವರು ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, ಅಜ್ಜಿಯ ಹತ್ತಿರ ಊರು ಮನೆ ಮಾತಾಡಿದ ಮೇಲೆ ಕ್ಯಾಮೆರಾ ಹೊರಗೆ ತೆಗೆಯಲಿ.

ಉತ್ತರ 2 (ತೀರ್ಥಹಳ್ಳಿಯ ಗೃಹಿಣಿ)

ನಾವು ಎರಡು ವರ್ಷದ ಹಿಂದೆ ತೆಗೆಸಿದಾಗ ಎಲ್ಲರಿಗೂ ರೇಷ್ಮೆ ಉಡಿಸಿ, ಮನೆಯ ಸಾಮಾನನ್ನೆಲ್ಲ ಕೋಣೆಗೆ ತುಂಬಿ, ಊಟವಾದ ಮೇಲೆ ಕೂರಿಸಿದೆವು. ಅವುಗಳಲ್ಲಿ ಒಂದು ಚಿತ್ರವೂ ನಮ್ಮ ಮನೆಯದೆಂದು ಅನ್ನಿಸಲಿಲ್ಲ. ಸಂಜೆ ಅತ್ತೆ ಹಳೆಯ ಹತ್ತಿ ಸೀರೆ ಉಟ್ಟು ಮೆಟ್ಟುಕತ್ತಿಯ ಮುಂದೆ ಅಡಿಕೆ ಸುಲಿಯಲು ಕುಳಿತರು, ಮೊಮ್ಮಗಳು ಪಕ್ಕಕ್ಕೆ ಬಂದಳು. ಹೊರಟು ನಿಂತಿದ್ದ ಫೋಟೋಗ್ರಾಫರ್ ಆಗ ತೆಗೆದ ಚಿತ್ರವೇ ಇಂದು ನಮ್ಮ ಗೋಡೆಯ ಮೇಲಿದೆ: ಚೊಗರಿನಿಂದ ಕಪ್ಪಾದ ಅತ್ತೆಯ ಬೆರಳುಗಳು, ಅವುಗಳ ನಡುವಿನಿಂದ ಅಡಿಕೆಯನ್ನು ಎತ್ತಿಕೊಳ್ಳುತ್ತಿರುವ ಪುಟ್ಟ ಕೈ.

ಆದ್ದರಿಂದ ಅಜ್ಜಿಗೆ ಅವರ ಕೈಗೆ ಒಗ್ಗಿದ ಕೆಲಸವೊಂದು ಇರಲಿ. ಆದರೆ ಕದ್ದು ತೆಗೆಯಬೇಡಿ. ಫೋಟೋದವರು ಬರುತ್ತಾರೆಂದು ಮೊದಲೇ ಹೇಳಿ, ತಲೆ ಬಾಚಿಕೊಳ್ಳಲು, ಬೇಕಾದ ಸೀರೆ ಉಡಲು ಸಮಯ ಕೊಡಿ. ಬಟ್ಟೆ ಒಂದೇ ಬಣ್ಣದ್ದಾಗಬೇಕಿಲ್ಲ, ದೊಡ್ಡ ಅಕ್ಷರಗಳಿರುವ ಟೀ ಶರ್ಟ್ ತಪ್ಪಿಸಿದರೆ ಸಾಕು. ಪ್ಲಾಸ್ಟಿಕ್ ಬಕೆಟ್, ಚಾರ್ಜರ್ ವೈರುಗಳನ್ನು ಎತ್ತಿಡಿ. ಮಣೆ, ಕವಳದ ತಟ್ಟೆ, ಅಜ್ಜಿಯ ಊರುಗೋಲು ಇದ್ದಲ್ಲೇ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಬ್ಬದ ಮೂರು ದಿನಗಳಲ್ಲಿ ಯಾವ ಹೊತ್ತು ಒಳ್ಳೆಯದು?

ಉತ್ತರ 3 (ಶಿವಮೊಗ್ಗ)

ಬಲಿಪಾಡ್ಯಮಿಯ ಗೋಪೂಜೆಗೆ ನಿಮ್ಮಲ್ಲಿ ಹಿಂದಿನ ದಿನವೇ ಮಾಲೆ ಕಟ್ಟುವುದಾದರೆ ಆ ಸಂಜೆಯನ್ನೇ ಆರಿಸಿಕೊಳ್ಳಿ. ಚೆಂಡುಹೂ, ಅಡಿಕೆ, ಪಚ್ಚೆತೆನೆಯ ರಾಶಿಯ ಸುತ್ತ ಎಲ್ಲರೂ ತಾವಾಗಿಯೇ ಕೂರುತ್ತಾರೆ, ಯಾರನ್ನೂ ಕರೆಯಬೇಕಾಗಿಲ್ಲ. ಆದರೆ ನಾಲ್ಕು ಗಂಟೆಗೆ ಶುರುಮಾಡಿ, ಮಲೆನಾಡಿನಲ್ಲಿ ತೋಟದ ಮರಗಳ ಹಿಂದೆ ಬಿಸಿಲು ಬೇಗ ಇಳಿದುಹೋಗುತ್ತದೆ.

ಪ್ರಶ್ನೆ ಕೇಳಿದವರು

ನಮ್ಮ ಮನೆಯಲ್ಲಿ ಮಾಲೆ ಕಟ್ಟುವುದು ಅಜ್ಜಿಯೇ, ಬೇರೆಯವರು ಕಟ್ಟಿದರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಈ ಸಲ ಹೂವಿನ ಬುಟ್ಟಿಯನ್ನು ಜಗಲಿಯ ಪಡುವಣ ತುದಿಯಲ್ಲಿ ಇಡಿಸುತ್ತೇನೆ. ಮಾಡಿನಲ್ಲಿ ಗಾಜಿನ ಹೆಂಚು ಎರಡಿವೆ. ಭಾನುವಾರ ಏಣಿ ಹಾಕಿ ಒರೆಸುತ್ತೇನೆ.