ಕ್ಯಾಷಿಯರಮ್ಮ ದೊಡ್ಡ ಬ್ಯಾಂಕಿಗೆ ಹೋಗಲಿಲ್ಲವೇಕೆ?

ದೊಡ್ಡ ಬ್ಯಾಂಕೊಂದರಿಂದ ಬಂದ ಕೆಲಸದ ಕರೆಯನ್ನು ನಮ್ಮ ಕ್ಯಾಷಿಯರಮ್ಮ ನಯವಾಗಿ ನಿರಾಕರಿಸಿದರೆಂಬ ಸುದ್ದಿಯನ್ನು ನಮ್ಮ ಹರಟೆಯ ಗುಂಪು ಸುಲಭವಾಗಿ ಜೀರ್ಣಿಸಿಕೊಳ್ಳಲಿಲ್ಲ. ಹೆಚ್ಚಿನ ಸಂಬಳ, ಗಾಜಿನ ಕಟ್ಟಡ, ಕೊರಳಲ್ಲಿ ಬಣ್ಣದ ಪಟ್ಟಿಯ ಗುರುತಿನ ಚೀಟಿ, ಇಷ್ಟೆಲ್ಲವನ್ನೂ ಬಿಟ್ಟು, ಸುತ್ತಮುತ್ತಲಿನವರೇ ಷೇರು ಹಾಕಿ ನಡೆಸುವ, ಇರುವ ಒಂದೇ ಪ್ರಿಂಟರನ್ನು ಸಿಬ್ಬಂದಿಯೆಲ್ಲ ಸರದಿಯ ಮೇಲೆ ಬೈಯುವ ಪುಟ್ಟ ಬ್ಯಾಂಕಿನಲ್ಲಿಯೇ ಇರುತ್ತೇನೆಂದು ಒಬ್ಬರು ಹೇಳಿದರೆ, ಅದರ ಹಿಂದೆ ಏನೋ ಮರ್ಮ ಇರಲೇಬೇಕೆಂದು ವಕೀಲರು ವಾದ ಹೂಡಿದರು. ಮರ್ಮವಿಲ್ಲದ ಸಂತೋಷವನ್ನು ಅವರ ವೃತ್ತಿ ಒಪ್ಪುವುದಿಲ್ಲ.

“ಮರ್ಮ ಏನೂ ಇಲ್ಲ” ಎಂದರು ಕ್ಯಾಷಿಯರಮ್ಮ. “ನಮ್ಮಲ್ಲಿ ಒಬ್ಬ ಅಜ್ಜಿಯ ಖಾತೆ ಇದೆ. ಇತ್ತೀಚೆಗೆ ಅವರ ಕೈ ನಡುಗಲು ಶುರುವಾಗಿ, ಸಹಿ ನಮ್ಮಲ್ಲಿರುವ ಮಾದರಿ ಸಹಿಗೆ ತಾಳೆಯಾಗುವುದಿಲ್ಲ. ಅಕ್ಷರ ಅವರದೇ, ಆದರೆ ಪ್ರತಿಯೊಂದು ಗೆರೆಯೂ ಅಲೆಯಂತೆ ಏಳುತ್ತದೆ, ಕೊನೆಯ ಅಕ್ಷರವಂತೂ ಚಲನ್ನಿನ ಅಂಚನ್ನು ದಾಟಿ ಹೋಗುತ್ತದೆ. ಅವರು ಯಾರೆಂದೇ ತಿಳಿಯದ ಕಡೆಯಲ್ಲಾಗಿದ್ದರೆ ಅರ್ಜಿ, ಗುರುತಿನ ಪುರಾವೆ, ಮೇಲಿನ ಕಚೇರಿಯ ಒಪ್ಪಿಗೆ ಎಂದು ಅವರನ್ನು ಅಲೆದಾಡಿಸುತ್ತಿದ್ದರು. ನಾನು ಅವರನ್ನು ಒಳಗೆ ಕೂರಿಸಿ, ಹೊಸ ಸಹಿಯ ಕಾರ್ಡನ್ನು ಅವರ ಮುಂದಿಟ್ಟು, ಮ್ಯಾನೇಜರರನ್ನು ಪಕ್ಕದ ಕುರ್ಚಿಯಿಂದಲೇ ಕರೆದು, ನಿಯಮದ ಪ್ರಕಾರವೇ ಎಲ್ಲವನ್ನೂ ಮುಗಿಸಿದೆ. ಹೋಗುವಾಗ ಅಜ್ಜಿ, ಹಣವನ್ನು ಸರಿಯಾಗಿ ಎಣಿಸಿದ್ದೀಯಾ ಎಂದು ನನ್ನನ್ನು ಗದರಿಸಿ ಹೋದರು. ಆ ದಿನವೆಲ್ಲ ನನಗೆ ಬಹಳ ಖುಷಿಯಾಗಿತ್ತು.”

“ಗದರಿಸಿಕೊಂಡಿದ್ದಕ್ಕೆ ಖುಷಿಯೇ?” ಎಂದು ಮೇಷ್ಟ್ರು ಕೇಳಿದರು. ಅವರು ಜೀವಮಾನವಿಡೀ ಗದರಿಸಿದವರೇ ಹೊರತು ಗದರಿಸಿಕೊಂಡವರಲ್ಲ.

ದೊಡ್ಡ ಬ್ಯಾಂಕಿನಿಂದ ನಿವೃತ್ತರಾದ ರಾಯರು ಮಾತ್ರ ನಿಟ್ಟುಸಿರು ಬಿಟ್ಟರು. “ಮೇಷ್ಟ್ರೇ, ನಿಮಗೆ ತಿಳಿಯುವುದಿಲ್ಲ. ನಾನು ಸಾಲ ಮಂಜೂರು ಮಾಡುತ್ತಿದ್ದೆ, ಆ ಸಾಲ ಪಡೆದವನು ಉದ್ಧಾರವಾದನೋ ಸುಸ್ತಿದಾರನಾದನೋ ತಿಳಿಯುವಷ್ಟರಲ್ಲಿ ನನಗೆ ವರ್ಗಾವಣೆಯ ಆದೇಶ ಬರುತ್ತಿತ್ತು. ಸೇವಾವಧಿಯೆಲ್ಲ ಕಾದಂಬರಿಗಳ ಮೊದಲ ಅಧ್ಯಾಯವನ್ನಷ್ಟೇ ಓದಿ ಪುಸ್ತಕ ಮುಚ್ಚಿದಂತಾಯಿತು. ಇವರಾದರೋ, ತಾವು ಕಾಗದಪತ್ರ ತಯಾರಿಸಿಕೊಟ್ಟ ಸಾಲದಲ್ಲಿ ಎದ್ದುನಿಂತ ಅಂಗಡಿಯ ಮುಂದೆ ಪ್ರತಿದಿನ ನಡೆದುಹೋಗುತ್ತಾರೆ.”

“ಅಂಗಡಿ ಮುಚ್ಚಿದರೂ ಅದರ ಮುಂದೆಯೇ ನಡೆದುಹೋಗಬೇಕು” ಎಂದು ಕ್ಯಾಷಿಯರಮ್ಮ ಸೇರಿಸಿದರು.

ಇಲ್ಲಿ ನಾನೂ ಸ್ವಲ್ಪ ಪಾಂಡಿತ್ಯ ತೋರಿಸಿದೆ. ದೊಡ್ಡ ಬ್ಯಾಂಕು ಸಾಲ ಕೇಳಿದವನ ಅಂಕಿ ಅಂಶಗಳನ್ನು ಓದುತ್ತದೆ, ಚಿಕ್ಕ ಬ್ಯಾಂಕು ಅವನನ್ನೇ ಓದುತ್ತದೆ. ಇದು ಬರೀ ಹೊಗಳಿಕೆಯ ಮಾತಲ್ಲ. ಅಮೆರಿಕದ ಸಣ್ಣ ಉದ್ದಿಮೆಗಳ ಸಾಲಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿಕ್ಕ ಬ್ಯಾಂಕುಗಳ ಗ್ರಾಹಕರು ಬ್ಯಾಂಕಿಗೆ ಹೆಚ್ಚು ಹತ್ತಿರದಲ್ಲಿರುತ್ತಾರೆ, ಮುಖಾಮುಖಿಯಾಗಿ ವ್ಯವಹರಿಸುತ್ತಾರೆ, ಅವರ ನಂಟೂ ಹೆಚ್ಚು ಕಾಲ ಬಾಳುತ್ತದೆ ಎಂದು ಕಂಡುಬಂದಿತ್ತು. ಒಬ್ಬ ಮನುಷ್ಯ ಮಾತಿಗೆ ತಪ್ಪುವವನಲ್ಲ ಎಂಬ ತಿಳಿವಳಿಕೆಯನ್ನು ಯಾವ ನಮೂನೆಯ ಯಾವ ಅಂಕಣದಲ್ಲಿ ತುಂಬಬೇಕು? ಮೇಲಿನ ಕಚೇರಿಗೆ ಕಳುಹಿಸಲಾಗದ ಆ ತಿಳಿವಳಿಕೆಗೆ, ತೀರ್ಮಾನ ಕೆಳಗೇ ಆಗುವ ಬ್ಯಾಂಕಿನಲ್ಲಿ ಮಾತ್ರ ಬೆಲೆಯಿದೆ. ತಾನು ಕಂಡದ್ದಕ್ಕೆ ಬೆಲೆಯಿರುವ ಕಡೆ ನೌಕರನಿಗೆ ಕಣ್ಣು ತೆರೆದುಕೊಂಡಿರಲು ಮನಸ್ಸಾಗುತ್ತದೆ.

“ಹೊಸ ಮಾತೇನಲ್ಲ ಬಿಡಿ” ಎಂದರು ವಕೀಲರು. ತಾವು ಹೇಳದ ಯಾವ ಮಾತೂ ಅವರಿಗೆ ಹೊಸದಾಗಿರುವುದಿಲ್ಲ. “ಜರ್ಮನಿಯಲ್ಲಿ ಮೇಯರ್ ಆಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರಿಗಾಗಿ ಸಾಲದ ಸಂಘ ಕಟ್ಟಿದಾಗಲೇ ಇದನ್ನು ಕಂಡುಕೊಂಡಿದ್ದ. ಸಂಘದ ವ್ಯಾಪ್ತಿ ಚಿಕ್ಕದಾಗಿರಬೇಕು, ಒಬ್ಬರನ್ನೊಬ್ಬರು ಬಲ್ಲವರೇ ಸದಸ್ಯರಾಗಿರಬೇಕು, ಸಾಲ ಮುಳುಗಿದರೆ ಎಲ್ಲರೂ ಹೊಣೆ ಹೊರಬೇಕು ಎಂಬುದೇ ಅವನ ತತ್ವ. ನಮ್ಮಲ್ಲಿಯೂ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ್ದು ಇದೇ ದಾರಿಯಲ್ಲಿ.”

“ಅದೆಲ್ಲ ಸರಿ, ರೈಫೈಸೆನ್ನನ ಸಂಘದಲ್ಲಿ ಸಂಬಳ ಎಷ್ಟಿತ್ತು?” ಎಂದು ಮೇಷ್ಟ್ರು ಮೂಲಪ್ರಶ್ನೆಗೆ ಬಂದರು.

ಆಡಳಿತ ಮಂಡಳಿಯವರೆಲ್ಲ ಬಿಟ್ಟಿ ಸೇವೆ ಮಾಡುತ್ತಿದ್ದರೆಂದೂ, ಲೆಕ್ಕ ಬರೆದು ಹಣ ನೋಡಿಕೊಳ್ಳುವವನಿಗೆ ಮಾತ್ರ ಸಂಭಾವನೆ ಇತ್ತೆಂದೂ ತಿಳಿದಾಗ ಕ್ಯಾಷಿಯರಮ್ಮನ ಮುಖ ಅರಳಿತು. ಬ್ಯಾಂಕಿನಲ್ಲಿ ನಿಜವಾಗಿ ಕೆಲಸ ಮಾಡುವವರು ಯಾರೆಂಬುದು ಆಗಲೇ ತೀರ್ಮಾನವಾಗಿತ್ತಲ್ಲ ಎಂದು ಅವರು ಹೇಳಿದ ಮಾತನ್ನು ಅವರ ನಿರ್ದೇಶಕ ಮಂಡಳಿಗೆ ನಾವು ಯಾರೂ ತಲುಪಿಸುವುದಿಲ್ಲ. ಉತ್ಸಾಹ ತಡೆಯಲಾರದೆ ನಾನು ಕೆನಡಾದ ಡೆಜಾರ್ಡಿನ್ಸ್ ದಂಪತಿಯ ಕಥೆಯನ್ನೂ ಹೇಳಿದೆ. 1900ರಲ್ಲಿ ಲೆವಿ ಎಂಬಲ್ಲಿ ಸ್ಥಾಪನೆಯಾದ ಅವರ ಜನತಾ ಬ್ಯಾಂಕು ಆರಂಭದಲ್ಲಿ ನಡೆದದ್ದು ಅವರ ಮನೆಯಲ್ಲಿಯೇ. ಮರುವರ್ಷ ಬಂದ ಮೊಟ್ಟಮೊದಲ ಠೇವಣಿ ಹತ್ತು ಸೆಂಟು. ಗಂಡ ಅಲ್ಫಾನ್ಸ್ ಸಂಸತ್ತಿನಲ್ಲಿ ಶೀಘ್ರಲಿಪಿಕಾರನಾಗಿ ದೂರದ ಒಟ್ಟಾವಕ್ಕೆ ಹೋದಾಗಲೆಲ್ಲ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವಳು ಹೆಂಡತಿ ಡೊರಿಮೆನ್.

“ಸಂಬಳವಿಲ್ಲದೆ ತಾನೇ?” ಎಂದು ಕ್ಯಾಷಿಯರಮ್ಮ ಕೇಳಿದ ಧಾಟಿಗೆ, ಆ ಕಥೆಯನ್ನು ನಾನು ಅಲ್ಲಿಗೇ ನಿಲ್ಲಿಸಿದೆ.

ರಾಯರು ಮಾತನ್ನು ತಮ್ಮ ನೋವಿನ ಕಡೆಗೆ ತಿರುಗಿಸಿಕೊಂಡರು. ಅವರ ನೋವಿನ ಹೆಸರು ಟಾರ್ಗೆಟ್. ಖಾತೆ ತೆರೆಯಲು ಬಂದವನಿಗೆ ವಿಮೆ, ವಿಮೆ ಬೇಡವೆಂದವನಿಗೆ ಕಾರ್ಡು, ಕಾರ್ಡಿಗೆ ಹೆದರಿ ಓಡುವವನಿಗೆ ಬಾಗಿಲಿನಲ್ಲಿ ಮ್ಯೂಚುವಲ್ ಫಂಡು ಮಾರಬೇಕಾದ ದಿನಗಳನ್ನು ನೆನೆದು ಅವರ ಧ್ವನಿ ಗದ್ಗದವಾಯಿತು. ಆ ಒತ್ತಡ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣವೇ ಸಾಕ್ಷಿ. ಒಬ್ಬೊಬ್ಬ ಗ್ರಾಹಕನಿಗೂ ಎಂಟೆಂಟು ಬಗೆಯ ಸೇವೆ ಅಂಟಿಸಬೇಕೆಂಬ ಗುರಿಯ ಬೆನ್ನುಹತ್ತಿದ ನೌಕರರು, ಗ್ರಾಹಕರಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದುಬಿಟ್ಟಿದ್ದರು. 2016ರಲ್ಲಿ ಅದಕ್ಕಾಗಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟರೊಳಗೆ ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು.

“ನಮ್ಮಲ್ಲಿಯೂ ಗುರಿ ಇದೆ” ಎಂದರು ಕ್ಯಾಷಿಯರಮ್ಮ. “ಆದರೆ ಬೇಡದ್ದನ್ನು ಒಬ್ಬರ ತಲೆಗೆ ಕಟ್ಟಿದರೆ ಮರುದಿನ ಅದೇ ಮುಖವನ್ನು ರಸ್ತೆಯಲ್ಲಿ ಎದುರಿಸಬೇಕಲ್ಲ. ಆ ನಾಚಿಕೆಯೇ ನಮ್ಮನ್ನು ಕಾಪಾಡುತ್ತದೆ.”

ನನಗೆ ಅಂದಿನ ಹರಟೆಯಲ್ಲಿ ಅತ್ಯಂತ ಸತ್ಯವಾಗಿ ಕಂಡದ್ದು ಈ ಮಾತೇ. ಹಾಗೆಂದು ಚಿಕ್ಕ ಬ್ಯಾಂಕು ಸ್ವರ್ಗವೆಂದು ಯಾರೂ ತಿಳಿಯಬೇಕಾಗಿಲ್ಲ. ಅಲ್ಲಿ ಬಡ್ತಿ ಬರಬೇಕಾದರೆ ಮೇಲಿನವರು ನಿವೃತ್ತರಾಗಬೇಕು, ಅವರ ಆರೋಗ್ಯವಾದರೋ ಸಾಮಾನ್ಯವಾಗಿ ಬಹಳ ಚೆನ್ನಾಗಿರುತ್ತದೆ. ಕ್ಯಾಷಿಯರಾಗಿ ಸೇರಿದವರು ಲಾಕರಿನ ಕೀಲಿ ಹಿಡಿಯಬೇಕು, ಪಾಸ್‌ಬುಕ್ ತುಂಬಿಕೊಡಬೇಕು, ಸರ್ವರ್ ಸತ್ತಾಗ ಸಾಲಿನಲ್ಲಿ ನಿಂತವರನ್ನು ಸಮಾಧಾನಪಡಿಸಬೇಕು. ನಿರ್ದೇಶಕರ ಭಾವಮೈದುನ ಸಾಲ ಕೇಳಿಕೊಂಡು ಬಂದ ದಿನ ನಿಯಮದ ಪುಸ್ತಕವನ್ನು ಗಟ್ಟಿಯಾಗಿ ಎದೆಗವಚಿಕೊಂಡು ಕೂರಬೇಕು, ಏಕೆಂದರೆ ಎಲ್ಲರೂ ಪರಿಚಿತರಾಗಿರುವುದರಿಂದಲೇ ಮುಳುಗಿದ ಬ್ಯಾಂಕುಗಳೂ ಇವೆ. ಸಂಜೆ ಕ್ಯಾಷ್ ಟ್ಯಾಲಿಯಾಗದಿದ್ದರಂತೂ ಮ್ಯಾನೇಜರರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಮೇಜಿನ ಕೆಳಗೆ ಮೊಣಕಾಲೂರಿ ಒಂದು ನೋಟಿಗಾಗಿ ತಡಕಾಡಬೇಕು. ಆದರೆ ಹುಡುಕಾಟದ ವಿಷಯ ಬಂದಾಗ ಕ್ಯಾಷಿಯರಮ್ಮನ ಕಣ್ಣಿನಲ್ಲಿ ಕಂಡದ್ದು ಬೇಸರವಲ್ಲ. ತನ್ನ ತಪ್ಪಿಗಾಗಿ ಮ್ಯಾನೇಜರೂ ನೆಲದ ಧೂಳು ತಿನ್ನುವ ಕಚೇರಿಯನ್ನು ಯಾರು ತಾನೇ ಸುಲಭವಾಗಿ ಬಿಟ್ಟುಹೋಗುತ್ತಾರೆ?

“ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?” ಎಂದು ವಕೀಲರು ಪಾಟೀಸವಾಲಿಗೆ ಇಳಿದರು.

“ಬಾಯಿಗೆ ಬೀಗ ಹಾಕಿಕೊಂಡಿರುವುದು” ಎಂದರು ಕ್ಯಾಷಿಯರಮ್ಮ. “ಯಾರ ಖಾತೆಯಲ್ಲಿ ಎಷ್ಟಿದೆ, ಯಾರು ಯಾರಿಗೆ ಜಾಮೀನು ನಿಂತು ಒದ್ದಾಡುತ್ತಿದ್ದಾರೆ, ಎಲ್ಲವೂ ನನಗೆ ಗೊತ್ತು. ಅವರೆಲ್ಲರ ಜೊತೆ ಕುಳಿತು ಏನೂ ಗೊತ್ತಿಲ್ಲದವಳಂತೆ ಹರಟೆ ಹೊಡೆಯಬೇಕು. ಈಗಲೇ ನೋಡಿ, ಇಲ್ಲಿ ಕುಳಿತವರಲ್ಲಿ ಒಬ್ಬರ ಠೇವಣಿಯ ಮುದ್ದತು ಮುಗಿದಿದೆ, ನವೀಕರಣಕ್ಕೆ ಅವರು ಇನ್ನೂ ಬಂದಿಲ್ಲ. ಯಾರೆಂದು ಸಭೆಯಲ್ಲಿ ಹೇಳುವಂತಿಲ್ಲ.”

ವಕೀಲರು ಅದು ತಾವಲ್ಲವೆಂದು ಕೂಡಲೇ ಪ್ರತಿಪಾದಿಸಿದರು. ಮೇಷ್ಟ್ರು ತಮ್ಮ ಲೆಕ್ಕ ಎಂದೂ ತಪ್ಪುವುದಿಲ್ಲವೆಂದರು. ರಾಯರು ತಾವು ಬ್ಯಾಂಕಿನವರೇ ಆದ್ದರಿಂದ ಅಂಥ ಪ್ರಮಾದ ಅಸಂಭವವೆಂದು ನಕ್ಕರು. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮುನ್ನವೇ ಮೂವರೂ ಠೇವಣಿ ರಸೀದಿಗಳನ್ನು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಅವರು ನಿಂತಿದ್ದದ್ದು ನನ್ನ ಹಿಂದೆ.