ಹ್ಯಾಂಡಿಕ್ಯಾಪ್ ಲೀಗ್‌ನಲ್ಲಿ ಉತ್ತಮ ಬೌಲರ್ ಯಾರೆಂದು ನಿರ್ಧರಿಸುವುದು ಹೇಗೆ?

ಕೇಳಿದವರು, ಕಲಬುರಗಿಯ ಲೀಗ್ ಸಂಘಟಕರು

ನಮ್ಮದು ಭಾನುವಾರದ ಟೆನಿಸ್ ಚೆಂಡಿನ ಕ್ರಿಕೆಟ್ ಲೀಗ್. ಬ್ಯಾಂಕಿನವರು, ದಾಲ್‌ಮಿಲ್‌ನವರು, ಶಿಕ್ಷಕರು, ವಕೀಲರು ಎಲ್ಲರೂ ಇದ್ದಾರೆ. ತಲಾ 12 ಓವರ್, ಒಬ್ಬ ಬೌಲರ್‌ಗೆ ಮೂರೇ ಓವರ್, 30 ರನ್ ಗಳಿಸಿದ ಬ್ಯಾಟರ್ ನಿವೃತ್ತನಾಗಬೇಕು. ತಂಡಗಳ ಬಲ ಸಮನಿಲ್ಲದ ಕಾರಣ ದುರ್ಬಲ ತಂಡಕ್ಕೆ ಆರಂಭದಲ್ಲೇ 15ರಿಂದ 25 ರನ್ ಹ್ಯಾಂಡಿಕ್ಯಾಪ್ ಕೊಡುತ್ತೇವೆ. ಉತ್ತಮ ಬೌಲರ್ ಪ್ರಶಸ್ತಿಯ ಹೊತ್ತಿಗೆ ಪ್ರತಿ ವರ್ಷ ಜಗಳ. ವಿಕೆಟ್ ನೋಡಬೇಕೋ, ಎಕಾನಮಿ (ಓವರಿಗೆ ಸರಾಸರಿ ಕೊಟ್ಟ ರನ್) ನೋಡಬೇಕೋ? ಅನುಭವ ಇದ್ದವರು ತಿಳಿಸಿ.

ಬೀದರ್‌ನಲ್ಲಿ ಸ್ಕೋರ್ ಬರೆಯುವವರು

ಮೊದಲು ಹ್ಯಾಂಡಿಕ್ಯಾಪ್ ರನ್ನು ಬೌಲರ್‌ಗಳ ಖಾತೆಯಿಂದ ದೂರ ಇಡಿ. ಮೊಬೈಲ್ ಸ್ಕೋರಿಂಗ್‌ನಲ್ಲಿ ಅದನ್ನು ಹೇಗೆ ನಮೂದಿಸಬೇಕೆಂದು ತಿಳಿಯದೆ ಕೆಲವರು ಮೊದಲ ಓವರ್‌ನಲ್ಲೇ ನೋಬಾಲ್ ಎಂದು ತುಂಬಿಬಿಡುತ್ತಾರೆ. ಪಾಪ, ಹೊಸ ಚೆಂಡು ಹಿಡಿದವನ ತಲೆಗೆ 20 ರನ್! ದಂಡದ ರನ್ ಎಂದು ಹಾಕಿದರೆ ಅದು ತಂಡದ ಮೊತ್ತಕ್ಕೆ ಸೇರುತ್ತದೆ, ಬೌಲರ್‌ಗೆ ತಗಲುವುದಿಲ್ಲ. ಬೈ, ಲೆಗ್‌ಬೈ ಕೂಡ ಬೌಲರ್ ಲೆಕ್ಕಕ್ಕಿಲ್ಲ. ವೈಡ್, ನೋಬಾಲ್ ಉಂಟು. ಸ್ಟಂಪಿಂಗ್ ಮತ್ತು ಹಿಟ್‌ವಿಕೆಟ್ ಬೌಲರ್‌ಗೆ ಸಲ್ಲುತ್ತವೆ, ರನೌಟ್ ಸಲ್ಲುವುದಿಲ್ಲ.

ಇನ್ನೊಂದು, ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ದಯವಿಟ್ಟು ಗಮನಿಸಿ. ಎರಡು ಪಂದ್ಯ ಸೇರಿ 3.4 ಓವರ್ ಎಂದರೆ ಮೂರು ಓವರ್, ನಾಲ್ಕು ಎಸೆತ, ಅಂದರೆ 22 ಎಸೆತ. 26 ರನ್ ಕೊಟ್ಟವನ ಮೊತ್ತವನ್ನು ನೇರವಾಗಿ 3.4ರಿಂದ ಭಾಗಿಸಿದರೆ ಎಕಾನಮಿ 7.65 ಬರುತ್ತದೆ. ಎಸೆತಗಳಲ್ಲಿ ಲೆಕ್ಕ ಹಾಕಿದರೆ ಅದು 7.09. ಋತುವಿನ ಒಟ್ಟು ಓವರ್ ಕೂಡಿಸುವಾಗಲೂ ಇದೇ ಎಡವಟ್ಟು. ಎಲ್ಲವನ್ನೂ ಎಸೆತಗಳಲ್ಲೇ ಬರೆದಿಡಿ.

ಈಗ ಮುಖ್ಯ ವಿಷಯ. ಒಂದು ಕಡೆ ಶಾಲೆಯ ಗೋಡೆಯೇ ಬೌಂಡರಿಯಾಗಿರುವ ಮೈದಾನದ ಎಕಾನಮಿಯನ್ನು ನಮ್ಮ ನೆಹರು ಕ್ರೀಡಾಂಗಣದಂತಹ ಕಡೆಯ ಎಕಾನಮಿಯೊಂದಿಗೆ ಹೋಲಿಸಲು ಬರುವುದಿಲ್ಲ. ಅದಕ್ಕೆ ನಾವು ಪಂದ್ಯವನ್ನೇ ಅಳತೆಗೋಲು ಮಾಡಿಕೊಂಡೆವು. ಎರಡೂ ತಂಡಗಳ ಬೌಲರ್‌ಗಳು ಸೇರಿ 24 ಓವರ್‌ಗಳಲ್ಲಿ 216 ರನ್ ಕೊಟ್ಟರೆ ಆ ಪಂದ್ಯದ ದರ ಓವರಿಗೆ 9. ಮೂರು ಓವರ್‌ಗಳಲ್ಲಿ 21 ಕೊಟ್ಟವನು 27ರ ಬದಲು 21 ಕೊಟ್ಟಿದ್ದಾನೆ, ಆರು ರನ್ ಉಳಿಸಿದ್ದಾನೆ. ಇನ್ನೊಂದು ಪಂದ್ಯದಲ್ಲಿ ಒಟ್ಟು 144 ರನ್ ಆದರೆ ದರ 6. ಅಲ್ಲಿ ಮೂರು ಓವರ್‌ಗಳಲ್ಲಿ 20 ಕೊಟ್ಟವನು ಎರಡು ರನ್ ಹೆಚ್ಚೇ ಕೊಟ್ಟಂತಾಯಿತು, ಕಾಗದದಲ್ಲಿ ಅವನದೇ ಎಕಾನಮಿ ಚೆನ್ನಾಗಿ ಕಂಡರೂ. ಉಳಿಸಿದ ರನ್ನುಗಳನ್ನು ಋತುವಿಡೀ ಕೂಡಿಸುತ್ತಾ ಹೋಗಿ. ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಬೌಲ್ ಮಾಡಿದವನಿಗೂ ಬೆಳಗಿನ ಆರಕ್ಕೆ ಮಾಡಿದವನಿಗೂ ಇದರಲ್ಲಿ ಅನ್ಯಾಯ ಕಡಿಮೆ.

ಯಾದಗಿರಿಯವರು, ಹೈದರಾಬಾದ್‌ನಲ್ಲಿ ಕೆಲಸ

ನಾನು ಕ್ರಿಕೆಟ್ ಬಿಟ್ಟು ಟೆನ್‌ಪಿನ್ ಬೌಲಿಂಗ್‌ಗೆ (ಚೆಂಡು ಉರುಳಿಸಿ ಹತ್ತು ಪಿನ್ ಕೆಡಹುವ ಆಟ) ಬಿದ್ದವನು. ಅಲ್ಲಿ ಹ್ಯಾಂಡಿಕ್ಯಾಪ್ ತಂಡಕ್ಕಲ್ಲ, ಒಬ್ಬೊಬ್ಬ ಆಟಗಾರನಿಗೆ. ಆಧಾರ ಅಂಕ 200, ಅದಕ್ಕೂ ಆಟಗಾರನ ಸರಾಸರಿಗೂ ಇರುವ ವ್ಯತ್ಯಾಸದ ಶೇ. 90 ಎಂದು ಇಟ್ಟುಕೊಂಡರೆ ಸರಾಸರಿ 150 ಇರುವವನಿಗೆ 45 ಅಂಕ, 180 ಇರುವವನಿಗೆ 18. ಮೊದಲನೆಯವನು 171 ಅಂಕ ಗಳಿಸಿದರೆ 216 ಆಗುತ್ತದೆ; ಎರಡನೆಯವನು 185 ಗಳಿಸಿದರೂ 203. ಗೆದ್ದವನು ಮೊದಲನೆಯವನು, ಆದರೆ ಉತ್ತಮ ಆಟಗಾರ? ಅದಕ್ಕೇ ಎರಡು ಪಟ್ಟಿ ಬೇಕು: ಹ್ಯಾಂಡಿಕ್ಯಾಪ್ ಇಲ್ಲದ ಸರಾಸರಿ ಒಂದು, ತನ್ನದೇ ಸರಾಸರಿಗಿಂತ ಎಷ್ಟು ಮೇಲೇರಿದ ಎಂಬುದು ಇನ್ನೊಂದು. ನಿಮ್ಮಲ್ಲೂ ಕಳೆದ ಋತುವಿಗಿಂತ ಹೆಚ್ಚು ಸುಧಾರಿಸಿದ ಬೌಲರ್‌ಗೆ ಬೇರೆ ಬಹುಮಾನ ಇಡಬಹುದು. ಒಂದು ಎಚ್ಚರಿಕೆ: ಹ್ಯಾಂಡಿಕ್ಯಾಪ್ ಹೆಚ್ಚಿಸಿಕೊಳ್ಳಲು ಬೇಕೆಂದೇ ಕೆಟ್ಟದಾಗಿ ಆಡುವವರು ಎಲ್ಲ ಕಡೆ ಇರುತ್ತಾರೆ.

ಕಲಬುರಗಿಯ ಒಬ್ಬ ಸ್ಪಿನ್ನರ್

ಬೀದರ್‌ನವರ ಲೆಕ್ಕ ಸರಿ, ಆದರೆ ಅರ್ಧ ಮಾತ್ರ. ಹ್ಯಾಂಡಿಕ್ಯಾಪ್ ಬೌಲರ್ ಖಾತೆಗೆ ಬರದಿದ್ದರೂ ಬ್ಯಾಟರ್‌ನ ತಲೆಯಲ್ಲಿ ಇರುತ್ತದೆ. 25 ರನ್ ಪುಕ್ಕಟೆ ಪಡೆದು ಬೆನ್ನಟ್ಟುವ ತಂಡ ಒಂಟಿ ರನ್ ತೆಗೆಯುತ್ತಾ ಕೂರುತ್ತದೆ. ಎಕಾನಮಿ ಚೆನ್ನಾಗಿ ಬರುತ್ತದೆ, ವಿಕೆಟ್ ಬೀಳುವುದಿಲ್ಲ. ಹ್ಯಾಂಡಿಕ್ಯಾಪ್ ಕೊಟ್ಟ ತಂಡ ಬೆನ್ನಟ್ಟುವಾಗ ಎತ್ತಿ ಎತ್ತಿ ಹೊಡೆಯುತ್ತದೆ; ರನ್ನೂ ಹೋಗುತ್ತವೆ, ಕ್ಯಾಚೂ ಸಿಗುತ್ತವೆ. ಆದ್ದರಿಂದ ಎರಡು ಇನಿಂಗ್ಸ್‌ಗಳ ದರವನ್ನು ಬೇರೆ ಬೇರೆ ತೆಗೆದು ಆಯಾ ಇನಿಂಗ್ಸ್‌ನೊಂದಿಗೇ ಹೋಲಿಸಿ.

ಆದರೆ ಒಂದೇ ಇನಿಂಗ್ಸ್ ಹಿಡಿದರೆ ಒಂದೇ ತಂಡದ ಬೌಲರ್‌ಗಳು ಸಿಗುತ್ತಾರೆ. ಎಲ್ಲರೂ ಚೆನ್ನಾಗಿ ಬೌಲ್ ಮಾಡಿದ ದಿನ ಯಾರೂ ರನ್ ಉಳಿಸಿದಂತೆ ಕಾಣುವುದಿಲ್ಲ. ಹಾಗಾಗಿ ನಾನಾದರೆ ಪಂದ್ಯದ ದರ, ಇನಿಂಗ್ಸ್ ದರ ಎರಡಕ್ಕೂ ಅಂಕಣ ಇಟ್ಟು ಸಮಿತಿಗೆ ತೋರಿಸುತ್ತೇನೆ.

30ಕ್ಕೆ ನಿವೃತ್ತಿ ಎಂಬ ನಿಯಮವೂ ನಿರಪರಾಧಿಯಲ್ಲ. ಒಳ್ಳೆಯ ಬ್ಯಾಟರ್‌ಗೆ ಹೊಡೆಸಿಕೊಂಡವನಿಗೆ ವಿಕೆಟ್ ಇಲ್ಲ. ಅವನು ಹೋದ ಮೇಲೆ ಬಾಲಂಗೋಚಿಗಳಿಗೆ ಬೌಲ್ ಮಾಡಿದವನಿಗೆ ಮೂರು ವಿಕೆಟ್. ಮೊದಲ ನಾಲ್ಕು ಕ್ರಮಾಂಕದ ವಿಕೆಟ್‌ಗಳನ್ನು ಪ್ರತ್ಯೇಕವಾಗಿ ಎಣಿಸಿ. ವಿಕೆಟ್ ಪಟ್ಟಿಯ ಮೇಲ್ಭಾಗ ತಾನೇ ಬದಲಾಗುತ್ತದೆ.

ಕೇಳಿದವರು

ಬಹಳ ಉಪಕಾರ. ಕನಿಷ್ಠ ಎಷ್ಟು ಓವರ್ ಮಾಡಿರಬೇಕು ಎಂದು ಇಡಲಿ? ಎರಡೇ ಪಂದ್ಯ ಆಡಿದವನು ಮೇಲೆ ಬಂದು ಕೂರುತ್ತಾನೆ.

ಬೀದರ್‌ನಲ್ಲಿ ಸ್ಕೋರ್ ಬರೆಯುವವರು

ಒಬ್ಬನಿಗೆ ಸಿಗಬಹುದಾದ ಗರಿಷ್ಠ ಓವರ್‌ಗಳ ಅರ್ಧ. ಎಂಟು ಪಂದ್ಯವಾದರೆ 24ರಲ್ಲಿ 12. ಮೊದಲ ಪಂದ್ಯಕ್ಕೂ ಮುನ್ನ ನಾಯಕರೆಲ್ಲರ ಸಹಿ ಹಾಕಿಸಿ. ಕೊನೆಯಲ್ಲಿ ಗಡಿ ಎಳೆದರೆ ಯಾರನ್ನು ಹೊರಗಿಡಲು ಎಳೆದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ.